ಅಕ್ಕನ ಗಂಟಲು, ವಿಯೆನ್ನಾದ ಡಾಕ್ಟರು

ನಮ್ಮಕ್ಕನಿಗೆ ಮಂಗಳ ಹಾಡಲು ಬಾರದಂತಾದದ್ದು ಹೋದ ವರ್ಷ ರಾಮನವಮಿ ಕಳೆದ ಮೇಲೆ. ಬೇರೆಲ್ಲ ಸಲೀಸಾಗಿ ಹಾಡುತ್ತಿದ್ದಳು. ವರ್ಣ, ಕೃತಿ, ದೇವರನಾಮ ಯಾವುದಕ್ಕೂ ಕುಂದಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸಿಗೆ ಈ ಕಂಠ ಹೇಗೆ ಉಳಿಯಿತಪ್ಪಾ ಎಂದು ಬಸವೇಶ್ವರನಗರದ ಅವಳ ಭಜನಾ ಮಂಡಳಿಯವರಿಗೆಲ್ಲ ಬೆರಗು. ಆದರೆ ಕೊನೆಗೆ ಆರತಿ ತಟ್ಟೆ ಹಚ್ಚಿಕೊಂಡು ಎಲ್ಲರೂ ಎದ್ದು ನಿಂತಾಗ ಅಕ್ಕ ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಕೆಮ್ಮಿ, ನೀರು ಕುಡಿದು, ಮತ್ತೆ ಪ್ರಯತ್ನಿಸಿದರೂ ಅಷ್ಟೇ. ಆರತಿ ಮುಗಿದ ಸ್ವಲ್ಪ ಹೊತ್ತಿಗೆ "ಕಾಫಿ ಯಾರ್ಯಾರಿಗೆ?" ಎಂದು ಗಟ್ಟಿ ದನಿಯಲ್ಲಿ ಕೇಳುತ್ತಿದ್ದಳು.

ಸಂಗೀತದ ಕಡೆ ತಲೆ ಹಾಕದವರಿಗಾಗಿ ಹೇಳುತ್ತೇನೆ. ಕಚೇರಿಯಾಗಲಿ, ಭಜನೆಯಾಗಲಿ, ಮಕ್ಕಳ ಪಾಠವಾಗಲಿ, ಮಂಗಳ ಹಾಡಿಯೇ ಮುಗಿಸಬೇಕು. ಪುಟ್ಟ ಹಾಡು, ಎಲ್ಲಕ್ಕಿಂತ ಸುಲಭದ್ದು. ಅದನ್ನು ಹಾಡದೆ ಎದ್ದರೆ ಶ್ರೇಯಸ್ಸಲ್ಲ. ಹಾಡಿದ ಮೇಲಂತೂ ಇನ್ನೊಂದು ಹಾಡುವ ಹಾಗಿಲ್ಲ, ಎಷ್ಟೇ ಆಸೆಯಿದ್ದರೂ. ನಮ್ಮಕ್ಕ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಂದೆರಡು ವಾರ ಮಂಡಳಿಯ ಬೇರೆ ಹೆಂಗಸರಿಂದ ಮಂಗಳ ಹಾಡಿಸಿದಳು. ಆಮೇಲೆ ಭಜನೆಗೆ ಹೋಗುವುದನ್ನೇ ಬಿಟ್ಟಳು. ಶನಿವಾರ ಪಾಠಕ್ಕೆ ಬರುತ್ತಿದ್ದ ಬಡಾವಣೆಯ ಮಕ್ಕಳಿಗೂ ಬರಬೇಡಿ ಎಂದಳು.

"ಮಂಗಳ ಇಲ್ದೆ ಪಾಠ ಮುಗ್ಸಕ್ಕಾಗತ್ತಾ? ಮುಗ್ಸಕ್ಕಾಗ್ದೇ ಇರೋದನ್ನ ಶುರು ಮಾಡೋದ್ಯಾಕೆ?" ಎಂದು ನನ್ನನ್ನೇ ಕೇಳಿದಳು. ಶ್ರುತಿಪೆಟ್ಟಿಗೆಗೆ ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟಳು. ಹಾಡದ ಅಕ್ಕನನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹೀಗೇ ಬಿಟ್ಟರೆ ಅವಳು ಹಾಡುವುದು ಇನ್ನಿಲ್ಲ ಎಂಬುದು ಭಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಿವಿ ಮೂಗು ಗಂಟಲಿನ ಡಾಕ್ಟರು ಮೂಗಿನೊಳಗೆ ಕ್ಯಾಮೆರಾ ಬಿಟ್ಟು ನೋಡಿ, ಏನೂ ಇಲ್ಲ, ಆಸಿಡಿಟಿ ಇರಬಹುದು, ರಾತ್ರಿ ಬೇಗ ಊಟ ಮಾಡಿ ಎಂದರು. ಮಂಡಳಿಯವರು ದೃಷ್ಟಿಯಾಗಿದೆ ಎಂದರು. ಭಾವ ಅತಿಮಧುರದ ಕಷಾಯ ಕುದಿಸಿಕೊಟ್ಟರು. ಅಕ್ಕ ಎಲ್ಲವನ್ನೂ ಮಾಡಿಸಿಕೊಂಡಳು, ಎಲ್ಲರಿಗೂ ತಲೆಯಾಡಿಸಿದಳು. ಮಂಗಳ ಮಾತ್ರ ಬರಲಿಲ್ಲ.

ಆಗ ನನಗೊಂದು ದುರಾಸೆ ಹುಟ್ಟಿತು. ನಾನು ನಿವೃತ್ತಿಯಾಗುವವರೆಗೆ ಮನಶ್ಶಾಸ್ತ್ರ ಪಾಠ ಮಾಡಿದವಳು. ಮದುವೆಯಾಗಲಿಲ್ಲ. ವಿಜಯನಗರದಲ್ಲಿ ಒಂದು ಪುಟ್ಟ ಮನೆ, ಮನೆ ತುಂಬ ಪುಸ್ತಕ, ಮೂಗಿನ ತುದಿಯಲ್ಲಿ ಕೋಪ, ಇಷ್ಟು ನನ್ನ ಆಸ್ತಿ. ಪ್ರತಿ ವರ್ಷ ಪಾಠದಲ್ಲಿ ವಿಯೆನ್ನಾದ ಆ ಗಡ್ಡದ ಡಾಕ್ಟರು ಬಂದೇ ಬರುತ್ತಿದ್ದರು. ಒಳಮನಸ್ಸನ್ನು ಶಾಸ್ತ್ರವಾಗಿ ಮಾಡಿದ ಆ ಪುಣ್ಯಾತ್ಮ. ಹುಡುಗರು ಅವರಿಗೆ 'ಗಡ್ಡದ ಸಾರ್' ಎಂದು ಹೆಸರಿಟ್ಟಿದ್ದರು. ಅವರ ಪಾಠದ ದಿನ ಹಿಂದಿನ ಬೆಂಚಿನವರೂ ತಲೆಯೆತ್ತಿ ಕೂರುತ್ತಿದ್ದರು. "ಮೇಡಂ, ಕನಸಲ್ಲಿ ಹಾವು ಬಂದ್ರೆ ಏನರ್ಥ?" ಎಂದು ಒಬ್ಬ ಕೇಳಿಯೇ ಕೇಳುತ್ತಿದ್ದ. "ಮನೇಲಿ ಇಲಿ ಜಾಸ್ತಿ ಆಗಿದೆ ಅಂತರ್ಥ, ಕೂತ್ಕೋ" ಎನ್ನುತ್ತಿದ್ದೆ ನಾನು.

ತಮಾಷೆ ಹಾಗಿರಲಿ. ಆ ಮನುಷ್ಯ ಶುರು ಮಾಡಿದ್ದೇ ಇಂಥ ಕೈಕಾಲು, ಗಂಟಲುಗಳಿಂದ. ಅವರ ಬಳಿ ಬರುತ್ತಿದ್ದ ಹೆಂಗಸರಲ್ಲಿ ಒಬ್ಬಳಿಗೆ ಕೈ ಎತ್ತಲಾಗದು, ಇನ್ನೊಬ್ಬಳಿಗೆ ದನಿ ಹೊರಡದು. ನರದಲ್ಲಿ ದೋಷವಿಲ್ಲ, ಸ್ನಾಯುವಿನಲ್ಲಿ ದೋಷವಿಲ್ಲ. ಬೇರೆ ವೈದ್ಯರು ನಾಟಕ ಎಂದು ಕೈತೊಳೆದುಕೊಂಡರು. ಇವರು ಮಾತ್ರ ಇದು ನಾಟಕವಲ್ಲ, ಬಾಯಿ ಹೇಳದ್ದನ್ನು ಮೈ ಹೇಳುತ್ತಿದೆ ಎಂದು ಕುರ್ಚಿ ಎಳೆದುಕೊಂಡು ಕೂತರು. ಮೊದಮೊದಲು ಸಮ್ಮೋಹನ ಮಾಡಿ ನಿದ್ದೆ ಬರಿಸಲು ನೋಡಿದರು, ಅದು ಅವರ ಕೈಗೆ ಅಷ್ಟಾಗಿ ಹತ್ತಲಿಲ್ಲ. ಅವರ ರೋಗಿಯೊಬ್ಬಳು, ಪ್ರಶ್ನೆ ಕೇಳುವುದನ್ನು ನಿಲ್ಲಿಸಿ, ನನಗೆ ಹೇಳಬೇಕಾದದ್ದನ್ನು ಹೇಳಲು ಬಿಡಿ ಎಂದು ಗದರಿದಳಂತೆ. ಅವರು ಬಿಟ್ಟರು. ಅಷ್ಟು ದೊಡ್ಡ ಶಾಸ್ತ್ರದ ಹಿಂದೆ ಒಬ್ಬ ಹೆಂಗಸಿನ ಗದರಿಕೆಯಿದೆ ಎಂಬುದು ನನಗೆ ಬಹಳ ಇಷ್ಟ.

ತರಗತಿಯಲ್ಲಿ ನಾನು ಅಟ್ಟದ ಉದಾಹರಣೆ ಕೊಡುತ್ತಿದ್ದೆ. ಬೇಡದ್ದನ್ನು ನಾವು ಅಟ್ಟಕ್ಕೆ ಹಾಕುತ್ತೇವೆ. ಹಾಕಿದ್ದು ಅಲ್ಲೇ ಧೂಳು ತಿನ್ನುತ್ತಾ ಬಿದ್ದಿರುತ್ತದೆ ಎಂದುಕೊಳ್ಳುತ್ತೇವೆ. ಈ ಡಾಕ್ಟರು ಹೇಳಿದ್ದು, ಬಿದ್ದಿರುವುದಿಲ್ಲ ಕಣ್ರಪ್ಪಾ, ನೀವು ನೆಂಟರಿಗೆ ಬಡಿಸುತ್ತಿರುವಾಗ ಅದು ತಾನೇ ಏಣಿ ಇಳಿದು ಬಂದು ಪಂಕ್ತಿಯಲ್ಲಿ ಕೂರುತ್ತದೆ, ಎಂದು. ಹುಡುಗರು ನಗುತ್ತಿದ್ದರು, ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಿದ್ದರು. ಇಷ್ಟು ವರ್ಷ ಪಾಠ ಮಾಡಿದರೂ ನಾನು ಕಣ್ಣಾರೆ ಅಂಥದ್ದೊಂದು ಕಂಡಿರಲಿಲ್ಲ. ಈಗ ನೋಡಿದರೆ ನಮ್ಮ ಮನೆಯಲ್ಲೇ!

ಅಕ್ಕನನ್ನು ಒಂದು ಮಧ್ಯಾಹ್ನ ನಮ್ಮ ಮನೆಗೆ ಕರೆಸಿಕೊಂಡು ದಿವಾನದ ಮೇಲೆ ಮಲಗಿಸಿದೆ. ನಾನು ಅವಳ ತಲೆಯ ಹಿಂದೆ ಕುರ್ಚಿ ಹಾಕಿಕೊಂಡೆ.

"ಹಿಂದ್ಗಡೆ ಯಾಕ್ ಕೂತ್ಕೊತೀಯ? ಕಳ್ಳನ್ ಥರ" ಎಂದಳು.

"ವಿಯೆನ್ನಾ ಡಾಕ್ಟ್ರು ಹಿಂಗೇ ಕೂರ್ತಿದ್ರು. ದಿನವೆಲ್ಲ ಜನ ಮುಖ ದಿಟ್ಟಿಸಿ ನೋಡಿದ್ರೆ ಅವರಿಗೆ ತಡ್ಕೊಳಕ್ಕಾಗ್ತಿರ್ಲಿಲ್ವಂತೆ."

"ಪಾಪ, ನಾಚಿಕೆ ಸ್ವಭಾವ ಇರ್ಬೇಕು."

"ಅಕ್ಕಾ, ಮನಸ್ಸಿಗೆ ಏನ್ ಬರತ್ತೋ ಅದೆಲ್ಲ ಹೇಳು. ಒಳ್ಳೇದು ಕೆಟ್ಟದ್ದು ಅಂತ ಆರಿಸ್ಬೇಡ."

ಅಕ್ಕ ಮೇಲೆ ನೋಡಿದಳು. "ಫ್ಯಾನ್ ರೆಕ್ಕೆ ಮೇಲೆ ಎಷ್ಟ್ ಧೂಳೇ! ಯುಗಾದಿಗೂ ಒರೆಸಿಲ್ವಾ?" ಎಂದಳು. ಆಮೇಲೆ ಹುರುಳಿಕಾಯಿ ಬೆಲೆ ಬಂತು. ಎದುರು ಮನೆಯವರ ನಾಯಿ ಬಂತು. ಭಾವನ ಕಿವಿ ಮಂದವಾಗುತ್ತಿರುವುದು, ಅವರು ಅದನ್ನು ಒಪ್ಪದೆ ಟಿವಿಯದೇ ತಪ್ಪು ಎನ್ನುವುದು ಬಂತು. ನಾನು ಹಾಳೆ ಪೆನ್ನು ಹಿಡಿದು ಕಾಯುತ್ತಿದ್ದೆ. ನೋಡನೋಡುತ್ತಲೇ ಗೊರಕೆ ಬಂತು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಎಬ್ಬಿಸದೆ ಕಾಫಿ ಮಾಡಲು ಒಳಗೆ ಹೋದೆ.

ಫಿಲ್ಟರಿಗೆ ಪುಡಿ ಹಾಕುತ್ತಿದ್ದಾಗ ಇದ್ದಕ್ಕಿದ್ದಂತೆ ನನಗೆ ರಾಮನವಮಿಯ ಪೆಂಡಾಲು ನೆನಪಾಯಿತು. ರಾಜಾಜಿನಗರದಲ್ಲಿ, ನಾವು ಹುಟ್ಟಿ ಬೆಳೆದ ಬ್ಲಾಕಿನಲ್ಲೇ, ಅಕ್ಕನ ಮಂಡಳಿಗೆ ಹಾಡಲು ಕರೆ ಬಂದಿತ್ತು. ಅಕ್ಕ ನಡುವೆ ಕೂತು ಒಂದು ಕೃತಿ ಎತ್ತಿಕೊಂಡಿದ್ದಳು. ಎರಡು ಭಾಗ ಮುಗಿದು ಇನ್ನೇನು ಚರಣಕ್ಕೆ, ಅಂದರೆ ಕೃತಿಯ ಕೊನೆಯ, ದೊಡ್ಡ ಭಾಗಕ್ಕೆ ಹೋಗಬೇಕು, ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬಂತು. ಕೊರಳಿಗೆ ಬ್ಯಾಡ್ಜು ಹಾಕಿಕೊಂಡ ಸಂಘಟಕನೊಬ್ಬ ವೇದಿಕೆಯ ಪಕ್ಕದಿಂದ ಬಗ್ಗಿ, "ಸಾಕು ಆಂಟಿ, ಸಾರ್ ಬಂದ್ಬಿಟ್ರು, ಮಂಗಳ ಹಾಡ್ಬಿಡಿ" ಎಂದ. ಅಕ್ಕ ನಕ್ಕಳು. ಚರಣ ಬಿಟ್ಟಳು, ಮಂಗಳ ಹಾಡಿದಳು, ಇಳಿದು ಬಂದಳು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದು ಆ ಸಂಘಟಕನಿಗೆ ನಾಲ್ಕು ಮಾತು ಅಂದೇ ಬಂದೆ. ಅಕ್ಕ, "ಹೋಗ್ಲಿ ಬಿಡೇ, ಅವನದೇನ್ ತಪ್ಪು" ಎಂದಿದ್ದಳು.

'ಸಾಕು, ಮಂಗಳ ಹಾಡ್ಬಿಡು.' ಆ ಮಾತನ್ನು ನಾನು ಅದಕ್ಕೆ ಮುಂಚೆಯೂ ಒಮ್ಮೆ ಕೇಳಿದ್ದೆ. ಅದೇ ಬ್ಲಾಕಿನಲ್ಲಿ, ನಮ್ಮ ಹಳೆಯ ಬಾಡಿಗೆ ಮನೆಯ ಹಾಲಿನಲ್ಲಿ. ಚಮಚ ಕೈಯಲ್ಲೇ ಹಿಡಿದುಕೊಂಡು ಒಲೆಯ ಮುಂದೆ ನಿಂತುಬಿಟ್ಟೆ.

ಅಪ್ಪ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಅಕ್ಕನ ಸಂಗೀತ ಎಂದರೆ ಅವರಿಗೆ ಜೀವ. ಪಾಳಿ ಮುಗಿಸಿ ಬಂದು, ಮುಖ ತೊಳೆದು, ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮಲ್ಲೇಶ್ವರದ ಗುರುಗಳ ಮನೆಗೆ ಕರೆದೊಯ್ಯುತ್ತಿದ್ದರು. ಪಾಠ ಮುಗಿಯುವವರೆಗೆ ಗೇಟಿನಾಚೆ ಸೈಕಲ್ಲು ಹಿಡಿದುಕೊಂಡು ನಿಂತೇ ಕೇಳುತ್ತಿದ್ದರು. ಮುಂದಿನ ರಾಮನವಮಿಗೆ ಇವಳ ಮೊದಲ ಕಚೇರಿ ಮಾಡಿಸೋಣ ಎಂದು ಗುರುಗಳು ಹೇಳಿದ ದಿನ ಅಪ್ಪ ಬೀದಿಗೆಲ್ಲ ಸಿಹಿ ಹಂಚಿದರು. ಅಷ್ಟರೊಳಗೆ ತುಮಕೂರಿನಿಂದ ಸಂಬಂಧ ಬಂತು.

ಹೆಣ್ಣು ನೋಡಲು ಬಂದವರು ಹುಡುಗಿಯಿಂದ ಒಂದು ಹಾಡು ಹಾಡಿಸುವುದು ಆಗಿನ ಶಾಸ್ತ್ರ. ಬೇರೆ ಹುಡುಗಿಯರು ಒಂದು ದೇವರನಾಮ ಹೇಳಿ ಎದ್ದು ಹೋಗುತ್ತಿದ್ದರು. ನಮ್ಮಕ್ಕ ಚಾಪೆಯ ಮೇಲೆ ಕೂತು ಕಲ್ಯಾಣಿ ರಾಗದ ಒಂದು ದೊಡ್ಡ ಕೃತಿಯನ್ನೇ ಎತ್ತಿಕೊಂಡಳು. ಮೊದಲ ಕಚೇರಿಗೆಂದು ಕಲಿತದ್ದು. ನಾನು ಚಿಕ್ಕವಳು, ಉಪ್ಪಿಟ್ಟಿನ ತಟ್ಟೆ ಹಿಡಿದು ಅಡಿಗೆಮನೆಯ ಪರದೆಯ ಹಿಂದೆ ನಿಂತಿದ್ದೆ. ಪಲ್ಲವಿ ಆಯಿತು, ಅನುಪಲ್ಲವಿ ಆಯಿತು. ಗಂಡಿನ ದೊಡ್ಡಪ್ಪ ಗಡಿಯಾರ ನೋಡಿಕೊಂಡರು. ಅವರಿಗೆ ಊರಿನ ಬಸ್ಸು ಹಿಡಿಯಬೇಕಿತ್ತು. ಅಪ್ಪ ಬಾಗಿಲ ಬಳಿಯಿಂದ ಬಗ್ಗಿ, "ಸಾಕಮ್ಮ, ಮಂಗಳ ಹಾಡ್ಬಿಡು" ಎಂದರು. ಅಕ್ಕ ಒಂದು ಸಲ ತಲೆಯೆತ್ತಿ ಅಪ್ಪನನ್ನು ನೋಡಿದಳು. ಆಮೇಲೆ ಮಂಗಳ ಹಾಡಿದಳು. ಹುಡುಗಿಗೆ ಎಷ್ಟು ವಿನಯ ಎಂದು ಬಂದವರು ಮೆಚ್ಚಿಕೊಂಡರು. ರಾಮನವಮಿ ಬರುವ ಹೊತ್ತಿಗೆ ಅವಳು ಭಾವನ ಮನೆಯ ಅಡಿಗೆಮನೆಯಲ್ಲಿದ್ದಳು.

ಇದು ನನಗೆ ನಿನ್ನೆ ನಡೆದಂತೆ ನೆನಪಿದೆ. ಆದರೆ ಅಕ್ಕ ಹೇಳುವ ಕಥೆಯೇ ಬೇರೆ. ಎಷ್ಟೋ ಹಬ್ಬಗಳಲ್ಲಿ, ಎಷ್ಟೋ ಜನರ ಮುಂದೆ ಅವಳು ಹೇಳಿದ್ದಾಳೆ: "ಅವತ್ತು ಪೂರ್ತಿ ಹಾಡ್ದೆ. ಚರಣ ಬರೋ ಹೊತ್ತಿಗೆ ನಮ್ಮಪ್ಪನ ಕಣ್ಣಲ್ಲಿ ನೀರು." ನಾನು ಎದುರಾಡಿದವಳಲ್ಲ. ಒಳ್ಳೆಯ ಸುಳ್ಳು, ಇಟ್ಟುಕೊಳ್ಳಲಿ ಬಿಡು ಎಂದುಕೊಂಡಿದ್ದೆ. ಈಗ ಕಾಫಿ ಇಳಿಯುವಷ್ಟರಲ್ಲಿ ಲೆಕ್ಕವೆಲ್ಲ ಕೂಡಿಬಂತು. ಅವಳು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಮರೆತಿದ್ದಾಳೆ! ನಡೆದದ್ದನ್ನು ಅಟ್ಟಕ್ಕೆ ಹಾಕಿ ಬಾಗಿಲು ಮುಚ್ಚಿದ್ದಾಳೆ. ಪೆಂಡಾಲಿನ ಆ ಹುಡುಗ ತಿಳಿಯದೆ ಬಾಗಿಲು ತೆಗೆದುಬಿಟ್ಟ. ಇನ್ನೂ ಒಂದು ಹೊಳೆಯಿತು. ಅಕ್ಕ ಕಲ್ಯಾಣಿಯಲ್ಲಿ ಹತ್ತಾರು ಹಾಡುತ್ತಾಳೆ, ಆ ಒಂದು ಕೃತಿಯನ್ನು ಮಾತ್ರ ಆಮೇಲೆ ಅವಳ ಬಾಯಲ್ಲಿ ನಾನು ಕೇಳಿಯೇ ಇಲ್ಲ.

ಹೆಮ್ಮೆಯಿಂದ ನನಗೆ ಕುಣಿಯುವ ಹಾಗಾಯಿತು. ಹಾಲಿಗೆ ಬಂದರೆ ಅಕ್ಕ ಬಾಯಿ ಅರ್ಧ ತೆರೆದು ಮಲಗಿದ್ದಳು, ನೆರೆತ ಜಡೆ ದಿವಾನದಿಂದ ಕೆಳಗೆ ಜೋತಿತ್ತು. ಕುಣಿಯುವ ಆಸೆ ಅಲ್ಲೇ ಸತ್ತಿತು.

ಭಾವನನ್ನು ವಿಚಾರಿಸಿದೆ. ಅವರೂ ಆ ಹಾಲಿನಲ್ಲಿ ಕೂತಿದ್ದವರಲ್ಲವೇ, ಗಂಡೇ ಅವರು.

"ಭಾವ, ನೀವು ಅಕ್ಕನ್ನ ನೋಡಕ್ಕೆ ಬಂದ ದಿನ ನೆನಪಿದ್ಯಾ? ಅವಳು ಹಾಡಿದ್ದು?"

"ಉಪ್ಪಿಟ್ಟು ಖಾರ ಇತ್ತು" ಎಂದರು ಭಾವ.

"ಹಾಡು, ಭಾವ, ಹಾಡು!"

"ಹಸಿಮೆಣಸಿನಕಾಯಿ ಒಂದು ಹಲ್ಲಿಗೆ ಸಿಕ್ತು ನೋಡು, ಕಣ್ಣಲ್ಲಿ ನೀರು. ಹಾಡು ಗೀಡು ಏನೂ ತಲೆಗೆ ಹೋಗ್ಲಿಲ್ಲಮ್ಮ." ಒಂದೇ ಮಧ್ಯಾಹ್ನಕ್ಕೆ ಮೂರು ಜನರ ಬಳಿ ಮೂರು ನೆನಪು. ಹಾಗಾದರೆ ನನ್ನದೇ ಸರಿ ಎಂದು ಹೇಳಲು ನಾನ್ಯಾರು ಎಂಬ ಅನುಮಾನವೂ ಬಂತು. ಚಿಕ್ಕಂದಿನ ನೆನಪನ್ನು ಸುಲಭವಾಗಿ ನಂಬಬೇಡಿ, ಒಂದು ನೆನಪು ಇನ್ನೊಂದನ್ನು ಮುಚ್ಚಲು ಅಡ್ಡ ನಿಂತಿರಬಹುದು ಎಂದು ಆ ಡಾಕ್ಟರೇ ಬರೆದಿದ್ದಾರೆ. ಆದರೆ ಪರದೆಯ ಬಟ್ಟೆಯ ಗಂಜಿವಾಸನೆ ಕೂಡ ನನ್ನ ಮೂಗಿನಲ್ಲಿದೆ.

ಹೇಳಬೇಕೋ ಬೇಡವೋ? ಅಕ್ಕನಿಗೆ ಅಪ್ಪನೆಂದರೆ ದೇವರು. ಅವಳ ದೇವರಮನೆಯ ಪಕ್ಕದಲ್ಲೇ ಅಪ್ಪನ ಫೋಟೋ, ದಿನಾ ಹೂವು. ಹೇಳಿದರೆ ಗಂಟಲು ಬಿಡಬಹುದು, ಆದರೆ ಅಪ್ಪ ಹೋಗುತ್ತಾರೆ. ಹೇಳದಿದ್ದರೆ ಅಪ್ಪ ಉಳಿಯುತ್ತಾರೆ, ಹಾಡು ಹೋಗುತ್ತದೆ. ರೋಗಿ ತಾನಾಗಿ ಹತ್ತಿರ ಬರುವ ಮುಂಚೆ ಗುಟ್ಟನ್ನು ಅವರ ಮುಂದೆ ಎಸೆದರೆ ಪ್ರಯೋಜನವಿಲ್ಲ ಎಂದು ನಾನೇ ಬೋರ್ಡಿನ ಮೇಲೆ ಬರೆದವಳು. ಸರಿ, ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ. ನನ್ನ ಬಾಯಿಯ ವಿಷಯ ನನಗೆ ಗೊತ್ತಿರಬೇಕಿತ್ತು.

ಉಪ್ಪಿನಕಾಯಿ ಕಾಲ ಬಂತು. ಅಕ್ಕನ ಮನೆಯಲ್ಲಿ ಇಬ್ಬರೂ ಕೂತು ಮಾವಿನಕಾಯಿ ಹೆಚ್ಚುತ್ತಿದ್ದೆವು. ಶನಿವಾರ. ಪಾಠಕ್ಕೆ ಬರುತ್ತಿದ್ದ ಒಂದು ಹುಡುಗಿ ಅಮ್ಮನ ಜೊತೆ ಬಂದು, "ಯಾವಾಗಿಂದ ಕ್ಲಾಸ್ ಆಂಟಿ?" ಎಂದು ಬಾಗಿಲಲ್ಲೇ ಕೇಳಿತು. "ಇನ್ನಿಲ್ಲ ಪುಟ್ಟಿ, ಬೇರೆ ಕಡೆ ಸೇರ್ಕೋ" ಎಂದಳು ಅಕ್ಕ. ಮಗುವಿನ ಮುಖ ಬಾಡಿತು. ಅವರು ಹೋದ ಮೇಲೆ ಅಕ್ಕ ಏನೂ ಆಗದವಳಂತೆ ಹೋಳುಗಳಿಗೆ ಉಪ್ಪು ಬೆರೆಸತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಿನ್ ಗಂಟ್ಲಿಗೆ ಏನೂ ಆಗಿಲ್ಲ. ಅವತ್ತು ಹೆಣ್ಣು ನೋಡೋ ದಿನ ಅಪ್ಪ ನಿನ್ನ ಅರ್ಧಕ್ಕೆ ನಿಲ್ಲಿಸಿದ್ರು. ಸಾಕು, ಮಂಗಳ ಹಾಡ್ಬಿಡು ಅಂದ್ರು. ನೀನು ಚರಣ ಹಾಡ್ಲೇ ಇಲ್ಲ. ನಾನು ಪರದೆ ಹಿಂದೆ ಇದ್ದೆ, ಕೇಳಿಸ್ಕೊಂಡೆ. ಆ ಪೆಂಡಾಲ್ ಹುಡುಗ ಅದೇ ಮಾತು ಆಡ್ದ, ಅದಕ್ಕೇ ಹೀಗಾಗಿರೋದು!"

ಅಕ್ಕನ ಕೈ ಉಪ್ಪಿನಲ್ಲಿ ನಿಂತಿತು.

"ನಮ್ಮಪ್ಪ ಹಾಗೆ ಅನ್ನೋರಲ್ಲ" ಎಂದಳು.

"ಅಂದ್ರು ಕಣೇ. ನಂಗೆ ಚೆನ್ನಾಗಿ ನೆನಪಿದೆ."

"ನಮ್ಮಪ್ಪ ಹಾಗೆ ಅನ್ನೋರಲ್ಲ ಅಂದ್ನಲ್ಲ. ನಿನ್ ಕಾಲೇಜ್ ವಿದ್ಯೆನೆಲ್ಲ ನನ್ ಮೇಲೆ ತೋರಿಸ್ಬೇಡ. ಎದ್ದ್ ಹೋಗು." ಇಷ್ಟು ವರ್ಷಗಳಲ್ಲಿ ಅಕ್ಕ ನನಗೆ ಎದ್ದು ಹೋಗು ಎಂದದ್ದು ಅದೇ ಮೊದಲು. ಎದ್ದು ಬಂದೆ. ಬಸ್ಸಿನಲ್ಲಿ ಕೂತು ನೋಡಿಕೊಂಡರೆ ಬೆರಳ ತುಂಬ ಮಾವಿನಕಾಯಿ ಸೊನೆ ಅಂಟಿಕೊಂಡಿತ್ತು.

ಆಮೇಲೆ ಮಾತಿಲ್ಲ. ಫೋನ್ ಮಾಡಿದರೆ ಭಾವ ಎತ್ತಿಕೊಂಡು, "ಸ್ನಾನಕ್ಕೆ ಹೋಗಿದ್ದಾಳಮ್ಮ" ಎನ್ನುತ್ತಿದ್ದರು. ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತಾಳೆ ಮಹಾರಾಯ್ತಿ! ನಾನು ಮನೆಯಲ್ಲಿ ಕೂತು ಆ ಡಾಕ್ಟರ ಮೇಲೆ ಸಿಟ್ಟು ತೀರಿಸಿಕೊಂಡೆ. ಅವರ ಶಾಸ್ತ್ರದಲ್ಲಿ ಒಂದು ಅನ್ಯಾಯವಿದೆ. ರೋಗಿ ಹೌದು ಎಂದರೆ ಡಾಕ್ಟರು ಗೆದ್ದರು. ಅಲ್ಲ ಎಂದು ರೇಗಿದರೂ, ನೋಡಿದಿರಾ, ಒಳಗೆ ಏನೋ ಇದೆ, ಅದಕ್ಕೇ ರೇಗುತ್ತಿದ್ದಾರೆ ಎಂದು ಮತ್ತೆ ಅವರೇ ಗೆದ್ದರು. ಇಂಥ ಆಟದಲ್ಲಿ ನನ್ನಕ್ಕನನ್ನು ಕೂರಿಸಿ ನಾನು ಏನನ್ನು ಗೆದ್ದಂತಾಯಿತು?

ಅವರ ಜೀವನಚರಿತ್ರೆಯನ್ನು ಮತ್ತೆ ತೆರೆದೆ. ಮಾತಿನಿಂದಲೇ ರೋಗ ವಾಸಿಮಾಡಬಹುದು ಎಂದ ಮನುಷ್ಯನಿಗೆ ಮುಪ್ಪಿನಲ್ಲಿ ದವಡೆಗೇ ಕ್ಯಾನ್ಸರ್ ಬಂತು. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಬಾಯೊಳಗೆ ಕೃತಕ ದವಡೆ ಇಟ್ಟುಕೊಂಡು, ಮಾತಾಡುವುದೇ ಹಿಂಸೆಯಾದರೂ, ರೋಗಿಗಳ ಮಾತು ಕೇಳುವುದನ್ನು ಬಿಡಲಿಲ್ಲ. ಅವರು ಯಹೂದಿ, ಯಹೂದಿಗಳ ಬೇಟೆ ಶುರುವಾದಾಗ ಆ ಮುಪ್ಪಿನಲ್ಲಿ ಊರು ಬಿಟ್ಟು ಲಂಡನ್ ಸೇರಿ ಅಲ್ಲೇ ತೀರಿಕೊಂಡರು. ಇದನ್ನೆಲ್ಲ ಓದಿ ಸಿಟ್ಟು ಸ್ವಲ್ಪ ಇಳಿಯಿತು. ಆಮೇಲೆ ಅವರ ಬಾಲ್ಯದ ಪುಟಗಳಿಗೆ ಹಿಂದಿರುಗಿದೆ. ಅಲ್ಲಿ ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳಿ ನಗಿಸುತ್ತಿದ್ದ ಒಂದು ಪ್ರಸಂಗವಿತ್ತು. ಆ ಮನೆಯಲ್ಲಿ ತಂಗಿಗೆ ಪಿಯಾನೋ ಕಲಿಸುತ್ತಿದ್ದರಂತೆ. ಓದಿಗೆ ತೊಂದರೆಯಾಗುತ್ತದೆ ಎಂದು ಅಣ್ಣ, ಅಂದರೆ ನಮ್ಮ ಡಾಕ್ಟರು, ತಕರಾರು ತೆಗೆದರಂತೆ. ಓದುವ ಮಗ ದೊಡ್ಡವನಾಗಬೇಕಾದವನು. ಪಿಯಾನೋ ಮನೆಯಿಂದ ಹೋಯಿತು.

"ನೋಡ್ರೋ, ಮುಂದೆ ಲೋಕದ ಮನಸ್ಸೆಲ್ಲ ಓದಿದೋರಿಗೆ ಒಂದು ಪಿಯಾನೋ ತಡ್ಕೊಳಕ್ಕಾಗ್ಲಿಲ್ಲ" ಎನ್ನುತ್ತಿದ್ದೆ ನಾನು, ಎಲ್ಲರೂ ನಗುತ್ತಿದ್ದರು. ಆ ತಂಗಿ ಏನಾದಳು, ಪಿಯಾನೋ ಹೋದ ದಿನ ಅವಳು ಎಲ್ಲಿ ಕೂತಿದ್ದಳು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆ ಸಂಜೆ ಮಾತ್ರ ಮುಂದಿನ ಸಾಲು ಓದಲಾಗದೆ ಪುಸ್ತಕ ಮುಚ್ಚಿದೆ. ನಮ್ಮ ಮನೆಯಲ್ಲಿ ಸಂಗೀತ ನಿಂತುಹೋಯಿತು, ಓದು ಮುಂದುವರಿಯಿತು. ಓದಿದವಳು ನಾನು. ಎಂ.ಎ. ಓದುವಾಗ ನನಗೆ ಸಂಬಂಧಗಳು ಬಂದರೆ ಅಪ್ಪ ಬಾಗಿಲಲ್ಲೇ ಕೈಮುಗಿದು, "ಅವಳ ಓದು ಮುಗೀಲಿ" ಎಂದು ಕಳಿಸಿಬಿಡುತ್ತಿದ್ದರು. ನಾನು ಬುದ್ಧಿವಂತೆ, ಅದಕ್ಕೇ ಎಂದು ನಾನು ಬೀಗುತ್ತಿದ್ದೆ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಫೋನು. ಅಕ್ಕನೇ.

"ನಾಳೆ ಅರಿಶಿನ ಕುಂಕುಮಕ್ಕೆ ಬಾ" ಎಂದಳು. ಅಷ್ಟೇ, ಇಟ್ಟುಬಿಟ್ಟಳು. ಮಾತು ಬಿಟ್ಟಿದ್ದರೂ ಕುಂಕುಮಕ್ಕೆ ಕರೆಯದೆ ಇರುವುದುಂಟೇ. ಶಾಸ್ತ್ರಕ್ಕೆ ಕರೆದಳೋ ಮನಸ್ಸಿನಿಂದ ಕರೆದಳೋ ಎಂದು ಯೋಚಿಸುತ್ತಾ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ.

ಹಾಲಿನ ತುಂಬ ಹೆಂಗಸರು. ಲಕ್ಷ್ಮಿಗೆ ಸೀರೆ ಉಡಿಸಿ, ಮಲ್ಲಿಗೆಯ ದಂಡೆ ಹಾಕಿ, ಪಕ್ಕದಲ್ಲಿ ಹಣ್ಣಿನ ತಟ್ಟೆಗಳನ್ನು ಜೋಡಿಸಿದ್ದಳು. ಭಾವ ಎಲ್ಲರಿಗೂ ಚಾಪೆ ತೋರಿಸುತ್ತಾ ಓಡಾಡುತ್ತಿದ್ದರು. ಅಕ್ಕ ನನ್ನನ್ನು ನೋಡಿ, "ಬಾ, ಕೂತ್ಕೋ" ಎಂದಳು, ಎಲ್ಲರಿಗೂ ಹೇಳಿದ ಹಾಗೇ. ಒಬ್ಬೊಬ್ಬರಾಗಿ ಹಾಡಿದರು. ಅಕ್ಕನನ್ನು ಯಾರೂ ಕೇಳಲಿಲ್ಲ, ಪಾಪ, ಅವರಿಗೂ ಸಂಕೋಚ. ಕೊನೆಗೆ ಆರತಿ ಹಚ್ಚಿದರು. ಮಂಡಳಿಯ ಒಬ್ಬ ಹೆಂಗಸು ಮಂಗಳ ಹಾಡಲು ಗಂಟಲು ಸರಿಮಾಡಿಕೊಂಡರು.

"ಒಂದ್ನಿಮಿಷ ಇರಿ" ಎಂದಳು ಅಕ್ಕ.

ಒಳಗೆ ಹೋಗಿ ಬೀರುವಿನಿಂದ ಶ್ರುತಿಪೆಟ್ಟಿಗೆ ತಂದು, ಸುತ್ತಿದ್ದ ಬಟ್ಟೆ ಬಿಚ್ಚಿ, ಲಕ್ಷ್ಮಿಯ ಮುಂದೆ ಕೂತಳು. ಕಣ್ಣುಮುಚ್ಚಿದಳು. ಹಾಡತೊಡಗಿದಳು. ಪಲ್ಲವಿಯಿಂದಲ್ಲ, ನೇರವಾಗಿ ಚರಣದಿಂದ. ಯಾರೂ ಹಾಗೆ ನಡುವಿನಿಂದ ಎತ್ತಿಕೊಳ್ಳುವುದಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಗೊತ್ತಾಯಿತು. ಅದೇ ಕಲ್ಯಾಣಿ, ಅದೇ ಕೃತಿ. ನಮ್ಮ ಹಳೆಯ ಮನೆಯ ಚಾಪೆಯ ಮೇಲೆ ಎಲ್ಲಿ ನಿಂತಿತ್ತೋ ಅಲ್ಲಿಂದ.

ಅವಸರವಿಲ್ಲದೆ ಹಾಡಿದಳು. ಒಂದೊಂದು ಸಾಲನ್ನೂ ಬೇಕಾದಷ್ಟು ಸಲ ಬೇರೆ ಬೇರೆ ರೀತಿಯಲ್ಲಿ ಹಾಡಿದಳು. ಆರತಿ ಹಿಡಿದವರ ಕೈ ಸೋತು ತಟ್ಟೆ ಕೆಳಗಿಟ್ಟರು. ಯಾರೂ ಗಡಿಯಾರ ನೋಡಲಿಲ್ಲ. ಭಾವ ಅಡಿಗೆಮನೆಯ ಬಾಗಿಲಿಗೆ ಬಂದು, ಒಂದು ಕಿವಿಯನ್ನು ಮುಂದೆ ಮಾಡಿಕೊಂಡು ನಿಂತರು. ಚರಣ ಮುಗಿಸಿ ಪಲ್ಲವಿಗೆ ಹಿಂತಿರುಗಿ ಕೃತಿಯನ್ನು ಮುಗಿಸಿದಳು. ಉಸಿರು ತೆಗೆದುಕೊಂಡಳು. ನಾನು ನನ್ನ ಸೀರೆಯ ಸೆರಗನ್ನು ಹರಿದುಹೋಗುವಂತೆ ಹಿಂಡುತ್ತಿದ್ದೆ. ಮಂಗಳ ಬಂತು. ನೀರು ಹರಿದ ಹಾಗೆ ಬಂತು. ನನಗೆ ಅಳು ತಡೆಯಲಾಗಲಿಲ್ಲ, ನಾಚಿಕೆ ಬಿಟ್ಟು ಅತ್ತೆ.

ಎಲ್ಲರೂ ತಾಂಬೂಲ ತೆಗೆದುಕೊಂಡು ಹೋದರು. ಕೊನೆಗೆ ಅಕ್ಕ ನನ್ನನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಇಟ್ಟಳು.

"ನಾನು ಮರ್ತಿರ್ಲಿಲ್ಲ ಕಣೇ" ಎಂದಳು. "ಒಂದಿನಾನೂ ಮರ್ತಿಲ್ಲ. ಗಂಟ್ಲಿಗೂ ಅದು ಗೊತ್ತಿದೆ ಅಂತ ಗೊತ್ತಿರ್ಲಿಲ್ಲ ಅಷ್ಟೇ. ಅದನ್ನ ನೀನ್ ಹೇಳಿದ್ ಮೇಲೇ ಗೊತ್ತಾಗಿದ್ದು."

"ಮತ್ತೆ ಪೂರ್ತಿ ಹಾಡ್ದೆ, ಅಪ್ಪ ಅತ್ರು ಅಂತ ಊರಿಗೆಲ್ಲ ಹೇಳ್ತಿದ್ಯಲ್ಲ?"

"ಮತ್ತಿನ್ನೇನ್ ಹೇಳ್ಲಿ? ನೀನು ಅಪ್ಪ ಅಂದ್ರೆ ಪ್ರಾಣ ಬಿಡ್ತಿದ್ದೆ. ಅಪ್ಪ ಅತ್ತಿದ್ದೂ ಸುಳ್ಳಲ್ಲ. ಅವತ್ತಲ್ಲ, ಆಮೇಲೆ." ಅರಿಶಿನದ ಬಟ್ಟಲನ್ನು ತಟ್ಟೆಯಲ್ಲಿ ಸರಿಯಾಗಿ ಇಟ್ಟಳು. "ನಾನು ಮೊದಲ್ನೇ ಹಬ್ಬಕ್ಕೆ ತೌರಿಗೆ ಬಂದಾಗ, ಹಿತ್ತಲಲ್ಲಿ ನಿಂತ್ಕೊಂಡು ಕೇಳಿದ್ರು. ಅವತ್ತು ನಾನ್ ಅಂದಿದ್ದು ಚಿಕ್ಕೋಳಿಗೆ ಕೇಳಿಸ್ತಾ, ಅವಳಿಗೇನಾದ್ರೂ ನೆನಪಿದ್ಯಾ ಅಂತ. ಇಲ್ಲಪ್ಪ, ಅವಳಿಗೇನೂ ಗೊತ್ತಿಲ್ಲ ಅಂದೆ. ಆಗ ಅತ್ರು. ಇವಳನ್ನ ಮಾತ್ರ ನಾನು ಅರ್ಧಕ್ಕೆ ಎಬ್ಬಿಸಲ್ಲ ಅಂದ್ರು. ನಿನ್ನ ಅಷ್ಟು ಓದಿಸಿದ್ದು ಯಾಕೆ ಅಂದ್ಕೊಂಡಿದ್ದೆ?"

ಜೀವಮಾನವೆಲ್ಲ ಬೇರೆಯವರ ಒಳಮನಸ್ಸಿನ ಬಗ್ಗೆ ಪಾಠ ಹೇಳಿದವಳಿಗೆ ತನ್ನ ಓದು ಯಾರ ಹಾಡು ನಿಂತದ್ದರಿಂದ ಬಂದದ್ದೆಂದು ಗೊತ್ತಿರಲಿಲ್ಲ. ಅಕ್ಕ ನನ್ನ ಮಡಿಲಿಗೆ ತೆಂಗಿನಕಾಯಿ, ವೀಳ್ಯದೆಲೆ ಹಾಕಿ, "ಸಜ್ಜಿಗೆ ಡಬ್ಬಿಗೆ ಹಾಕಿದೀನಿ, ತಗೊಂಡ್ ಹೋಗು. ಶನಿವಾರದಿಂದ ಮಕ್ಕಳು ಬರ್ತಾವೆ" ಎಂದಳು.

ಎದ್ದು, ಚಪ್ಪಲಿ ಹಾಕಿಕೊಳ್ಳುವ ಮುಂಚೆ ದೇವರಮನೆಯ ಪಕ್ಕಕ್ಕೆ ಹೋಗಿ ಅಪ್ಪನ ಫೋಟೋದ ಮುಂದೆ ನಿಂತೆ. ಅವರು ಹಿತ್ತಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅಕ್ಕನಲ್ಲ, ನಾನು.

"ಕೇಳಿಸ್ತಪ್ಪ" ಎಂದೆ. "ನೆನಪಿದೆ. ಇವತ್ತು ಪೂರ್ತಿ ಹಾಡಿದ್ಲು."